ಅರ್ಧ ಸುತ್ತು

ದೊಲೊನ್ ಘಟ್ಟದ ನೆತ್ತಿಗೆ ಇನ್ನು ನಾಲ್ಕೇ ತಿರುವು,
ಆಗ ಉಸಿರು ಬಿಟ್ಟಿತು ನನ್ನ ಹಳೇ ಆಡಿ.
ಸೂಜಿ ಕೆಂಪಿನೊಳಗೆ, ಬಾನೆಟ್ಟಿನ ಸಂದಿಯಲ್ಲಿ ಹಬೆ,
ಎಲ್ಲೋ ಸಕ್ಕರೆ ಸೀದಂಥ ನಾತ.

ಒಳಗೆ ನಾಲ್ವರು. ಹಿಂದಿನ ಸೀಟಿನಲ್ಲಿ ಅಕ್ಕತಂಗಿ,
ಕೊಚ್ಕೋರಿನ ಸೋದರತ್ತೆ ಸತ್ತ ನಲವತ್ತನೇ ದಿನದ ಊಟಕ್ಕೆಂದು
ತೊಡೆಯ ಮೇಲೆ ಪಾತ್ರೆ ತುಂಬ ಕರಿದ ಬೊರ್ಸೊಕ್.
ಮುಂದೆ ನಾನು, ಪಕ್ಕದಲ್ಲಿ ನನ್ನ ಷಡ್ಡಕ ಎಸೆನ್‌ತುರ್.
ನಮಗೆ ಎರಡು ವರ್ಷದಿಂದ ಮಾತಿಲ್ಲ.
ಎರವಲು ಕೊಟ್ಟ ಹೆಣ್ಣು ಕುದುರೆ ಅವನ ಲಾಯದಲ್ಲಿ ಮರಿ ಹಾಕಿತು.
ಕುದುರೆ ವಾಪಸು ಬಂತು. ಮರಿ ಬರಲಿಲ್ಲ.
ಇಷ್ಟೇ ವಿಷಯ. ನಗುತ್ತೀರಿ,
ಆ ಮರಿಯ ಹಣೆಯ ಬಿಳಿಚುಕ್ಕೆ ನೀವು ನೋಡಿಲ್ಲ.

ಕೆಳಗಿನ ಹೋಸು, ರೇಡಿಯೇಟರಿನ ಕುತ್ತಿಗೆ ಕಚ್ಚುವ ಕಡೆ
ಬೆರಳುದ್ದ ಬಿರಿದಿತ್ತು.
ತುದಿ ಕೊಯ್ದರೆ ಸಾಕು, ಉಳಿದದ್ದು ಎಟುಕುತ್ತದೆ
ಎಂದು ನಾನು ಬಾನೆಟ್ಟಿಗೆ ಹೇಳಿದೆ.
ಅವನು ಚಾಕು ತೆಗೆದು ಬ್ಯಾಟರಿಯ ಮೇಲಿಟ್ಟ.

ಸ್ಪ್ರಿಂಗ್ ಕ್ಲ್ಯಾಂಪಿನ ಎರಡು ಕಿವಿ ಹಿಂಡಬೇಕು,
ಹಿಂಡಿಕೊಂಡೇ ಹಿಂದೆ ಸರಿಸಬೇಕು.
ಇಕ್ಕಳವೋ ಹಲ್ಲು ಸವೆದ ಮುದುಕ.
ಒಮ್ಮೆ ಕಚ್ಚಿತು, ಒಮ್ಮೆ ಜಾರಿತು,
ಮೂರನೇ ಸಲಕ್ಕೆ ಕ್ಲ್ಯಾಂಪು ಟಣ್ಣೆಂದು ಹಾರಿ
ನನ್ನ ಕೆನ್ನೆ ಸವರಿ ಕಮರಿಗೆ ಬಿತ್ತು.
ಕಲ್ಲಿನಿಂದ ಕಲ್ಲಿಗೆ ಅದರ ಸದ್ದು.
ಇಬ್ಬರೂ ಬಗ್ಗಿ ನೋಡಿದೆವು,
ಸದ್ದು ನಿಂತ ಮೇಲೂ ನೋಡುತ್ತಲೇ ಇದ್ದೆವು.

ನನ್ನ ಡಬ್ಬಿಯಲ್ಲಿ ಒಂದೇ ಒಂದು ಸ್ಕ್ರೂ ಕ್ಲ್ಯಾಂಪು,
ಹೀಟರಿನ ಸಣ್ಣ ಪೈಪಿನದು;
ಸುತ್ತಿದರೆ ಅರೆದಾರಿಗೇ ಮುಗಿಯಿತು.
ಅವನು ಕೋಟಿನ ಒಳಜೇಬು ತಡಕಿದ.
ಸಾವಿನೂಟಕ್ಕೆ ಹೊರಟ ಯಾವ ಮನುಷ್ಯ
ಜೇಬಿನಲ್ಲಿ ಕ್ಲ್ಯಾಂಪು ಇಟ್ಟುಕೊಂಡಿರುತ್ತಾನೆ?
ನನ್ನ ಕಾರು ಹತ್ತುವವನು.
ಅವನದೂ ಅಷ್ಟೇ ಸಣ್ಣದು.
ನನ್ನದರ ಬಾಲ ಅವನದರ ಬಾಯಿಗೆ,
ಅವನದರ ಬಾಲ ನನ್ನದರ ಬಾಯಿಗೆ,
ಎರಡು ಕಿರುಬಳೆ ಸೇರಿ ಒಂದು ದೊಡ್ಡ ಬಳೆ.

"ಹಿಡಿ."
"ಎಡಕ್ಕೆ. ನಿನ್ನ ಎಡ."
"ಇನ್ನರ್ಧ ಸುತ್ತು."
"ಸಾಕು, ರಬ್ಬರು ಕೊಯ್ದೀತು."
"ಸಾಲದು."
"ಸಾಕು ಅಂದೆನಲ್ಲ!"
ಎರಡು ವರ್ಷದಲ್ಲಿ ಆಡಿದ್ದು ಇಷ್ಟು.
ಕಾರಿನೊಳಗೆ ಅಕ್ಕತಂಗಿ ಅಗಿಯುವುದನ್ನು ನಿಲ್ಲಿಸಿದ್ದರು.

ರಸ್ತೆಯಂಚಿನ ಹಳೇ ಹಿಮವನ್ನು ಪಾತ್ರೆಗೆ ತುಂಬಿ
ಎಂಜಿನ್ನಿನ ಮೇಲೇ ಇಟ್ಟು ಕರಗಿಸಿದೆವು.
ಅದು ಬಿಸಿ ಏರುತ್ತ ಇದು ಆರುತ್ತ ಹೋಯಿತು.
ಬೊರ್ಸೊಕ್ ಎಣ್ಣೆಯ ಕಣ್ಣುಗಳು ತೇಲುವ ನೀರನ್ನೇ
ರೇಡಿಯೇಟರು ಗಟಗಟ ಕುಡಿಯಿತು.
ಕೊಚ್ಕೋರಿನವರೆಗೆ ತೊಟ್ಟೂ ಸೋರಲಿಲ್ಲ.
ಊಟದಲ್ಲಿ ಅವನು ಆ ತುದಿ, ನಾನು ಈ ತುದಿ.

ಹುಲ್ಲು ಹಳದಿಯಾಗುವ ಹೊತ್ತಿಗೆ ಅವನ ಹುಡುಗ ಬಂದ:
"ಅಪ್ಪ ಕ್ಲ್ಯಾಂಪು ಇಸ್ಕೊಂಡು ಬಾ ಅಂದ."
ನಾನು ನೋಡಿದ್ದು ಹುಡುಗನನ್ನಲ್ಲ,
ಅವನು ಏರಿಬಂದ ಕುದುರೆಯ ಹಣೆಯನ್ನು.
ಬಿಳಿಚುಕ್ಕೆಯೂ ಮೈಯ ಜೊತೆ ಬೆಳೆದಿತ್ತು.
ಅದು ನನ್ನ ಅಂಗೈ ಮೂಸಿತು, ಪೆಟ್ರೋಲು ವಾಸನೆಗೆ ಸೀನಿತು.

ಬಜಾರಿನಿಂದ ತಂದ ಹೊಸ ಹೋಸು
ಬೇಸಿಗೆಯಿಡೀ ಮೊಳೆಗೆ ನೇತಾಡುತ್ತಿತ್ತು.
ಈಗ ಕಾರಿನಡಿ ಅಂಗಾತ ಮಲಗಿ ಹಳೆಯದನ್ನು ಬಿಚ್ಚಿದೆ.
ಯಾವುದು ಅವನದು, ಯಾವುದು ನನ್ನದು?
ಎರಡಕ್ಕೂ ಒಂದೇ ತುಕ್ಕು. ಹಳೇ ರಬ್ಬರಿನ ಮೇಲೆ
ಎರಡೂ ಸೇರಿ ಕಚ್ಚಿದ ಒಂದೇ ಗುರುತು.
ಬಿಡಿಸದೆ ಹಾಗೇ ಹುಡುಗನಿಗೆ ಕೊಟ್ಟೆ:
"ಅದರಲ್ಲಿ ಅರ್ಧ ನನ್ನದು ಅಂತ ಹೇಳು."
ಅವನು ಕಡಗದಂತೆ ಕೈಗೆ ಏರಿಸಿಕೊಂಡು
ಕುದುರೆಯ ಮಗ್ಗುಲು ತಿವಿದ.

ಮತ್ತೆ ಕಾರಿನಡಿ ತೂರಿದೆ.
ಹೊಸ ಹೋಸು, ಹೊಳೆಯುವ ಹೊಸ ಕ್ಲ್ಯಾಂಪು.
ಒಂದು ಸುತ್ತು, ಎರಡು, ಇನ್ನರ್ಧ.
ಸಾಕು ಎನ್ನುವವರು ಯಾರೂ ಇಲ್ಲದೆ
ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ.